ಮುಂಬಯಿಯೋ, ಪುಣೆಯೋ, ಗೋವಾವೋ? ಗುಹೆ, ಗುಡಿ, ಸೇವೆ ಮೂರೂ ಬೇಕೆನ್ನುವ ವಿದ್ಯಾರ್ಥಿ ಪ್ರವಾಸಕ್ಕೆ

ದಸರಾ ರಜೆ ಮುಗಿಯುತ್ತಿದ್ದಂತೆ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಫೋನ್ ಬರಲು ಶುರುವಾಗುತ್ತದೆ. ಧಾರವಾಡದಿಂದಲೋ ಉಡುಪಿಯಿಂದಲೋ ಯಾರಾದರೊಬ್ಬರು ಲೆಕ್ಚರರ್. “ನಮ್ಮ ಹುಡುಗರನ್ನು ಆ ಕಡೆ ಕರೆತರಬೇಕು. ಬೌದ್ಧ ಗುಹೆ, ಹಿಂದೂ ದೇವಸ್ಥಾನ ಎರಡೂ ಆಗಬೇಕು. ಎನ್ಎಸ್ಎಸ್ ಲೆಕ್ಕಕ್ಕೆ ಸ್ವಲ್ಪ ಸೇವೆನೂ ಆಗಬೇಕು. ಎಲ್ಲಿಗೆ ಬರೋಣ ಹೇಳಿ.” ನಾನು ಗೈಡ್ ಅಲ್ಲ. ಇಲ್ಲಿನ ಕನ್ನಡಿಗರ ಮಕ್ಕಳನ್ನು, ಊರಿನಿಂದ ಬಂದವರನ್ನು ಗುಹೆ ಗುಹೆ ಹತ್ತಿಸಿ ಮಂಡಿ ಸವೆಸಿಕೊಂಡಿದ್ದೇನೆ, ಅಷ್ಟೇ. ಪ್ರತಿ ಸಲ ಫೋನಿನಲ್ಲಿ ಅದನ್ನೇ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನಿಸಿತು.

ಅವಸರದಲ್ಲಿ ಇರುವವರಿಗೆ ಉತ್ತರ ಇಷ್ಟು: ಮೂರು ದಿನ ಇದ್ದರೆ ಪುಣೆ. ಎರಡೇ ದಿನ ಇದ್ದರೆ ಮುಂಬಯಿ. ಗೋವಾಕ್ಕೆ ಬೇಡ ಎನ್ನುವುದಿಲ್ಲ, ಆದರೆ ಅದಕ್ಕೆ ಕಾರಣ ಬೇರೆ ಇರಬೇಕು.

ಈಗ ನಾನು ಹೇಗೆ ಅಳೆಯುತ್ತೇನೆ ಅನ್ನುವುದನ್ನು ಹೇಳಬೇಕು. ಸಾಮಾನ್ಯವಾಗಿ ಟ್ರಾವೆಲ್ಸ್‌ನವರು ಕೊಡುವ ಪ್ಲಾನ್ ಒಂದೇ ತರಹ: ಬೆಳಿಗ್ಗೆ ಬೌದ್ಧ ಗುಹೆ, ಸಂಜೆ ದೇವಸ್ಥಾನ. ಹುಡುಗರ ತಲೆಯಲ್ಲಿ ಏನು ಉಳಿಯುತ್ತದೆ? ಬೌದ್ಧ ಅಂದರೆ ಬಾವಲಿ ಹಾರುವ ಖಾಲಿ ಕಲ್ಲು, ಹಿಂದೂ ಅಂದರೆ ಗಂಟೆ, ಹೂವು, ಪ್ರಸಾದ. ಒಂದು ಸತ್ತಿದೆ, ಒಂದು ಬದುಕಿದೆ. ಮಹಾರಾಷ್ಟ್ರದ ನೆಲದಲ್ಲಿ ನಿಂತು ಹೀಗೆ ತಿಳಿದುಕೊಂಡು ಹೋದರೆ ಪ್ರವಾಸ ದಂಡ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 84 ಲಕ್ಷ ಬೌದ್ಧರು. ಅದರಲ್ಲಿ 65 ಲಕ್ಷ ಮಂದಿ ಈ ಒಂದೇ ರಾಜ್ಯದವರು. ನೀವು ಹತ್ತುವ ಲೋಕಲ್ ಟ್ರೈನಿನಲ್ಲಿ ಪಕ್ಕದ ಸೀಟಿನಲ್ಲೇ ಕೂತಿರುತ್ತಾರೆ. ಹಾಗಾಗಿ ನಾನು ನೋಡುವುದು ಇದನ್ನು: ಆ ಊರಿನಲ್ಲಿ ಹಳೆಯ ಕಲ್ಲಿನ ಜೊತೆಗೆ ಇವತ್ತಿನ ಬೌದ್ಧರೂ ಕಾಣುತ್ತಾರಾ? ಹಿಂದೂ ಮತ್ತು ಬೌದ್ಧ ಒಂದನ್ನೊಂದು ಮುಟ್ಟುವ ಜಾಗ ಇದೆಯಾ? ಆಮೇಲೆ ಸೇವೆ.

ಪುಣೆ: ಒಂದು ನದಿ, ಒಂದು ರೈಲು ದಾರಿ

ಪುಣೆಗೆ ನಾನು ಯಾಕೆ ಹೆಚ್ಚು ಅಂಕ ಕೊಡುತ್ತೇನೆ ಅಂದರೆ, ನೋಡಬೇಕಾದ್ದೆಲ್ಲ ಹೆಚ್ಚುಕಮ್ಮಿ ಇಂದ್ರಾಯಣಿ ನದಿಯ ಅಂಚಿನಲ್ಲೇ ಇದೆ. ಲೋಣಾವಳಾದ ಬೆಟ್ಟಗಳ ಹತ್ತಿರ ನದಿ ಹುಟ್ಟುತ್ತದೆ. ಅಲ್ಲಿ ಕಾರ್ಲೆ, ಭಾಜೆ ಗುಹೆಗಳು. ಕೆಳಗೆ ಬಂದರೆ ತುಕಾರಾಮರ ದೇಹೂ. ಇನ್ನೂ ಕೆಳಗೆ, 1296ರಲ್ಲಿ ಜ್ಞಾನೇಶ್ವರರು ಸಮಾಧಿಯಾದ ಆಳಂದಿ. ಪುಣೆ–ಲೋಣಾವಳಾ ಲೋಕಲ್ ಹಿಡಿದರೆ ಆಳಂದಿ ಒಂದನ್ನು ಬಿಟ್ಟು ಉಳಿದವೆಲ್ಲ ಸ್ಟೇಷನ್‌ನಿಂದ ಹತ್ತಿರ. ನಲವತ್ತು ಹುಡುಗರಿಗೆ ಬಸ್ ಬಾಡಿಗೆ ಉಳಿಯುತ್ತದೆ, ಅದೇನು ಸಣ್ಣ ಮೊತ್ತ ಅಲ್ಲ.

ಮೊದಲ ದಿನ ಮಳವಲಿ ಸ್ಟೇಷನ್ನಿನಲ್ಲಿ ಇಳಿಯಿರಿ. ಹಳಿಯ ಒಂದು ಬದಿಗೆ ಭಾಜೆ, ಇನ್ನೊಂದು ಬದಿಗೆ ಕಾರ್ಲೆ. ಭಾಜೆಗೆ ನಡೆದೇ ಹೋಗಬಹುದು. 22 ಗುಹೆಗಳು, ಶುರುವಾದದ್ದು ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ. ಚೈತ್ಯದ, ಅಂದರೆ ಸ್ತೂಪ ಇರುವ ಪ್ರಾರ್ಥನಾ ಗುಹೆಯ, ಕಲ್ಲಿನ ಕಂಬಗಳು ಸ್ವಲ್ಪ ಒಳಕ್ಕೆ ವಾಲಿಕೊಂಡಂತೆ ನಿಂತಿವೆ. ಮರದ ಮನೆ ಕಟ್ಟುತ್ತಿದ್ದ ಕೈಗಳು ಕಲ್ಲಿಗೆ ಹೊರಳಿದ ಹೊಸತರಲ್ಲಿ ಮಾಡಿದ ಕೆಲಸ ಅದು, ಮರದ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಪಕ್ಕದಲ್ಲಿ ತೀರಿಕೊಂಡ ಭಿಕ್ಷುಗಳ ನೆನಪಿನ 14 ಸ್ತೂಪಗಳು, ದೊಡ್ಡ ಮನೆಯ ಮಕ್ಕಳು ಫೋಟೋಗೆ ನಿಂತ ಹಾಗೆ ಒತ್ತೊತ್ತಾಗಿ. ಕೊನೆಯ ಕಡೆ ಒಂದು ವಿಹಾರದ, ಅಂದರೆ ಭಿಕ್ಷುಗಳು ಇರುತ್ತಿದ್ದ ಗುಹೆಯ, ಬಾಗಿಲ ಪಕ್ಕ ರಥದಲ್ಲಿ ಒಬ್ಬ, ಆನೆಯ ಮೇಲೆ ಒಬ್ಬ. ಸೂರ್ಯ, ಇಂದ್ರ ಎಂದೇ ಬಹಳ ಜನ ಗುರುತಿಸುತ್ತಾರೆ. ಬೌದ್ಧ ವಿಹಾರದ ಬಾಗಿಲಲ್ಲಿ ಸೂರ್ಯ, ಇಂದ್ರ ಯಾಕೆ ಅಂತ ಹುಡುಗರೇ ಕೇಳುತ್ತಾರೆ. ನೀವು ಕೇಳಿಸಬೇಕಾಗಿಲ್ಲ.

ಊಟ ಮುಗಿಸಿ ರಿಕ್ಷಾ ಹಿಡಿದು ಕಾರ್ಲೆಗೆ. ಸುಮಾರು 350 ಮೆಟ್ಟಿಲು. ಎರಡೂ ಕಡೆ ತೆಂಗಿನಕಾಯಿ, ಹೂವು, ಹಸಿರು ಬಳೆ, ಪೇಡೆ ಅಂಗಡಿಗಳು. ಹುಡುಗರಿಗೆ ಗೊಂದಲ: ಸರ್, ನಾವು ಗುಹೆಗೆ ಹೋಗ್ತಿದ್ದೀವಾ, ಜಾತ್ರೆಗಾ? ಮೇಲೆ ಹತ್ತಿದರೆ ಎರಡೂ ಹೌದು. ಚೈತ್ಯದ ಮುಂಬಾಗಿಲಿಗೆ ತಾಗಿಕೊಂಡೇ ಏಕವೀರಾ ದೇವಿಯ ಗುಡಿ. ಮುಂಬಯಿ, ರಾಯಗಡದ ಕೋಲಿ ಮೀನುಗಾರರ ಕುಲದೇವಿ. ಒಂದೇ ಅಂಗಳದಲ್ಲಿ ನಾಲ್ಕು ಸಿಂಹಗಳ ಬೌದ್ಧ ಕಂಬ, ಅದರ ಪಕ್ಕದಲ್ಲೇ ದೇವಿಯ ದರ್ಶನದ ಕ್ಯೂ. ಮಡಿಲಲ್ಲಿ ಕೂಸು ಇಟ್ಟುಕೊಂಡ ಹೆಂಗಸರು ಚೈತ್ಯದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಯಾವುದು ಯಾರದು ಅಂತ ಪುಸ್ತಕ ಹೇಳುವಷ್ಟು ಸಲೀಸಾಗಿ ಈ ಅಂಗಳ ಹೇಳುವುದಿಲ್ಲ.

ಒಳಗೆ ಹೋದರೆ ಮಾತು ನಿಲ್ಲುತ್ತದೆ. ದೇಶದಲ್ಲೇ ದೊಡ್ಡ ಕಲ್ಲು ಕೊರೆದ ಚೈತ್ಯ ಇದು. ಛಾವಣಿಯ ಕೆಳಗಿನ ಮರದ ಕಮಾನುಗಳು ಎರಡು ಸಾವಿರ ವರ್ಷದಷ್ಟು ಹಳೆಯವು, ಇನ್ನೂ ಹಾಗೇ ಇವೆ. ಆದರೆ ಕನ್ನಡದವರು ನೋಡಲೇಬೇಕಾದ್ದು ವರಾಂಡದ ಗೋಡೆ. ಅಲ್ಲಿ ಬ್ರಾಹ್ಮಿಯಲ್ಲಿ ಒಂದು ಸಾಲು ಇದೆ. ವೈಜಯಂತಿಯ ಶೆಟ್ಟಿ ಭೂತಪಾಲ ಈ ಕಲ್ಲುಮನೆಯನ್ನು ಪೂರ್ತಿ ಮಾಡಿಸಿದ, ಇದು ಜಂಬೂದ್ವೀಪದಲ್ಲೇ ಉತ್ತಮವಾದದ್ದು, ಅಂತ ಅದರ ಅರ್ಥ. ವೈಜಯಂತಿ ಅಂದರೆ ಯಾವ ಊರು? ನಮ್ಮ ಬನವಾಸಿ ಎಂದೇ ಹೆಚ್ಚಿನ ವಿದ್ವಾಂಸರ ಮಾತು. ಶಿರಸಿಯಿಂದ ಬಂದ ಒಬ್ಬ ಹುಡುಗಿ ಈ ಸಾಲಿನ ಮುಂದೆ ನಿಂತು, “ನಮ್ಮ ಕಡೆಯವ್ರು ಆಗ್ಲೂ ಹಿಂಗೇ ಜಂಬ ಕೊಚ್ತಿದ್ರಾ?” ಅಂದಳು. ನಾನು ಏನು ಹೇಳಲಿ!

ಭೂತಪಾಲ ಒಬ್ಬನೇ ಅಲ್ಲ. ಬಾಗಿಲು ಕೊಡಿಸಿದವನು ಒಬ್ಬ ಸುಗಂಧ ವ್ಯಾಪಾರಿ. ಕಂಬ ಕೊಟ್ಟವರಲ್ಲಿ ಯವನರೂ (ಗ್ರೀಕ್ ಮೂಲದವರು) ಇದ್ದಾರೆ. ಬಡಗಿಯೊಬ್ಬನ ಹೆಸರೂ ಕಲ್ಲಿನಲ್ಲಿ ಉಳಿದಿದೆ. ಒಂದು ಉಪಾಯ ಹೇಳುತ್ತೇನೆ. ಹಿಂದಿನ ರಾತ್ರಿ ಹುಡುಗರಿಗೆ ಬ್ರಾಹ್ಮಿಯ ನಾಲ್ಕು ಅಕ್ಷರ ಮಾತ್ರ ಕಲಿಸಿ: ದ, ನ, ಥ, ಭ. ಮರುದಿನ ಕಂಬಗಳ ಮೇಲೆ “ದಾನಂ” ಹುಡುಕಲು ಬಿಡಿ. ಲೆಕ್ಚರ್ ಕೊಟ್ಟರೆ ಆಕಳಿಸುವ ಹುಡುಗರು ಇಲ್ಲಿ ಕಂಬದಿಂದ ಕಂಬಕ್ಕೆ ಓಡುತ್ತಾರೆ.

ಎರಡನೇ ದಿನ ದೇಹೂ ರೋಡ್ ಸ್ಟೇಷನ್. ಇದನ್ನು ಬಿಡಬೇಡಿ. 1954ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರ್ ರಂಗೂನಿನಿಂದ ಬಂದ ಬುದ್ಧನ ಮೂರ್ತಿಯನ್ನು ತಮ್ಮ ಕೈಯಾರೆ ಪ್ರತಿಷ್ಠಾಪಿಸಿದ ವಿಹಾರ ಇಲ್ಲಿದೆ. ಅವರು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಳ್ಳಲು ಇನ್ನೂ ಸುಮಾರು ಎರಡು ವರ್ಷ ಇತ್ತು. ನೋಡಲು ದೊಡ್ಡ ಕಟ್ಟಡವೇನಲ್ಲ. ಆದರೆ ಸಂಜೆ ಹೊತ್ತು ಆಫೀಸಿನಿಂದ ಬಂದವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂರುವುದನ್ನು ನೋಡಿದರೆ ಸಾಕು, ಹಿಂದಿನ ದಿನದ ಖಾಲಿ ಗುಹೆಗಳಿಗೆ ಬೇರೆ ಅರ್ಥ ಬರುತ್ತದೆ. ಅಲ್ಲಿಂದ ತುಕಾರಾಮರ ದೇಹೂ ಕೆಲವೇ ಕಿಲೋಮೀಟರ್. ಒಂದೇ ಹೆಸರಿನ ಎರಡು ಊರು, ಎರಡು ಪರಂಪರೆ, ಒಂದು ಶೇರ್ ರಿಕ್ಷಾ. ಮನಸ್ಸಿದ್ದರೆ ಅಲ್ಲಿಂದ ಆಳಂದಿಗೆ ಹೋಗಿ. ವಿಠ್ಠಲನನ್ನು ಕಾನಡಾ, ಅಂದರೆ ಕನ್ನಡದವನು, ಎಂದು ಕರೆದ ಜ್ಞಾನೇಶ್ವರರ ಊರು, ನಮಗೆ ಪರಕೀಯ ಹೇಗಾದೀತು?

ಮೂರನೇ ದಿನಕ್ಕೆ ಎರಡು ದಾರಿ. ಸುಲಭದ್ದು ಪುಣೆಯೊಳಗೇ, ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ. ಟ್ರಾಫಿಕ್ ಪಕ್ಕದಲ್ಲೇ ನೆಲ ಕೊರೆದು ಮಾಡಿದ ರಾಷ್ಟ್ರಕೂಟರ ಕಾಲದ ಶಿವಾಲಯ, ಅಂಗಳದಲ್ಲಿ ಕೊಡೆ ಬಿಚ್ಚಿದಂತೆ ದುಂಡಗಿನ ನಂದಿ ಮಂಟಪ. ಅರ್ಧಕ್ಕೆ ಬಿಟ್ಟ ಕೆಲಸ ಎನ್ನುವುದು ಗೋಡೆ ನೋಡಿದರೆ ತಿಳಿಯುತ್ತದೆ. ಕಷ್ಟದ್ದು ಜುನ್ನರ್ ಹತ್ತಿರದ ಲೇಣ್ಯಾದ್ರಿ, ಪುಣೆಯಿಂದ 90 ಕಿಲೋಮೀಟರಿಗೂ ಜಾಸ್ತಿ. ಮಹಾರಾಷ್ಟ್ರದ ಹೆಸರಾಂತ ಎಂಟು ಗಣಪತಿಗಳಾದ ಅಷ್ಟವಿನಾಯಕರಲ್ಲಿ ಒಬ್ಬನಾದ ಗಿರಿಜಾತ್ಮಜ ಗಣಪತಿ ಕೂತಿರುವುದು ಬೌದ್ಧ ವಿಹಾರದೊಳಗೆ. ಭಿಕ್ಷುಗಳು ಮಲಗುತ್ತಿದ್ದ ಕೋಣೆಗಳ ನಡುವೆ ಈಗ ಆರತಿ. ಮೆಟ್ಟಿಲು ಸುಮಾರು ಮುನ್ನೂರು, ಮಂಗಗಳಿಗೆ ಲೆಕ್ಕವಿಲ್ಲ. ಕೈಯಲ್ಲಿ ತಿಂಡಿ ಹಿಡಿಯಬೇಡಿ.

ಮುಂಬಯಿ: ತಲೆಕೆಳಗಾದ ಲೆಕ್ಕ

ಮುಂಬಯಿಯ ಮಜಾ ಏನೆಂದರೆ, ಮೊದಲು ಹೇಳಿದ ಸತ್ತದ್ದು–ಬದುಕಿದ್ದು ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ. ಎಲಿಫೆಂಟಾದಲ್ಲಿ ಶಿವನಿಗೆ ಟಿಕೆಟ್ ಇದೆ, ದಿನದ ಪೂಜೆ ಇಲ್ಲ. ಅಂಬೇಡ್ಕರ್ ಅವರ ಅಂತ್ಯಕ್ರಿಯೆ ನಡೆದ ದಾದರಿನ ಚೈತ್ಯಭೂಮಿಯಲ್ಲಿ ಟಿಕೆಟ್ ಇಲ್ಲ, ಹೂವು, ಮೇಣದಬತ್ತಿ ತಂದ ಜನ ಇದ್ದಾರೆ. ಇವೆರಡನ್ನು ಒಂದೇ ದಿನ ತೋರಿಸಿ. ಬೇರೆ ವ್ಯಾಖ್ಯಾನ ಬೇಡ.

ಎಲಿಫೆಂಟಾ, ಇಲ್ಲಿಯವರ ಬಾಯಲ್ಲಿ ಘಾರಾಪುರಿ. ಗೇಟ್‌ವೇಯಿಂದ ಲಾಂಚ್‌ನಲ್ಲಿ ಒಂದು ಗಂಟೆ. 6ನೇ ಶತಮಾನದ ಕೆಲಸ, 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಮೂರು ಮುಖದ ಸದಾಶಿವನ ಮುಂದೆ ಎಲ್ಲರೂ ಫೋಟೋ ತೆಗೆಯುತ್ತಾರೆ, ತೆಗೆಯಲಿ. ಆಮೇಲೆ ಸ್ವಲ್ಪ ಹೊತ್ತು ಎಡಕ್ಕಿರುವ ಅರ್ಧನಾರೀಶ್ವರ, ಬಲಕ್ಕಿರುವ ಗಂಗಾಧರನ ಮುಂದೆ ಸುಮ್ನೆ ಕೂರಿಸಿ. 634ರ ಐಹೊಳೆ ಶಾಸನ ಇಮ್ಮಡಿ ಪುಲಿಕೇಶಿ ಕೊಂಕಣದ ಮೌರ್ಯರ ಪುರಿಯನ್ನು ನೂರಾರು ಹಡಗುಗಳಲ್ಲಿ ಮುತ್ತಿದ ಎನ್ನುತ್ತದೆ. ಆ ಪುರಿ ಇದೇ ಎಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ದ್ವೀಪದ ಇನ್ನೊಂದು ಗುಡ್ಡದ ಮೇಲೆ ಹಳೆಯ ಬೌದ್ಧ ಸ್ತೂಪದ ದಿಬ್ಬ ಇದೆ, ಅತ್ತ ಹೋಗುವವರು ಕಡಿಮೆ. ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದು ಒಂದು ಕಲ್ಲಿನ ಆನೆ ನೋಡಿ. ಆ ಆನೆ ದ್ವೀಪದಲ್ಲಿಲ್ಲ, ಭಾಯ್ಕಳಾದ ಭಾವು ದಾಜಿ ಲಾಡ್ ಮ್ಯೂಸಿಯಂ ಅಂಗಳದಲ್ಲಿದೆ.

ಇನ್ನೊಂದು ದಿನ ಕಾನ್ಹೇರಿಗೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ನೂರಕ್ಕೂ ಜಾಸ್ತಿ ಗುಹೆಗಳು. ಕ್ರಿಸ್ತಪೂರ್ವ 1ನೇ ಶತಮಾನದಿಂದ ಸುಮಾರು ಸಾವಿರ ವರ್ಷ ಜನ ಇದ್ದ ಜಾಗ. ನನಗೆ ಇಲ್ಲಿ ಮೂರ್ತಿಗಳಿಗಿಂತ ನೀರು ಇಷ್ಟ. ಹೆಚ್ಚುಕಡಿಮೆ ಪ್ರತಿ ಗುಹೆಗೂ ತನ್ನದೇ ತೊಟ್ಟಿ, ಬಂಡೆಯಲ್ಲೇ ಕೊರೆದ ಕಾಲುವೆ. ಸಿವಿಲ್ ಇಂಜಿನಿಯರಿಂಗ್ ಹುಡುಗರು ಇದ್ದರೆ ಅವರಿಂದಲೇ ನಕ್ಷೆ ಬರೆಸಿ. ಇಲ್ಲಿಯ 9ನೇ ಶತಮಾನದ ಶಾಸನಗಳಲ್ಲಿ ಮಾನ್ಯಖೇಟದ (ಈಗಿನ ಮಳಖೇಡ) ಅಮೋಘವರ್ಷನ ಹೆಸರಿದೆ. ಅವನ ಕೈಕೆಳಗಿನ ಶಿಲಾಹಾರರು ಕೊಂಕಣ ಆಳುತ್ತಿದ್ದರು. ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ಗುಹೆಯ ರಿಪೇರಿಗೆ ದಾನ ಬಂದ ವಿಷಯ ಅದರಲ್ಲಿದೆ. ಕನ್ನಡದ ರಾಜ, ಜೈನದ ಕಡೆ ಒಲವಿದ್ದವನು. ಅವನ ಹೆಸರು ಮುಂಬಯಿಯ ಬೌದ್ಧ ಗುಹೆಯಲ್ಲಿ. ಕಲಬುರಗಿ ಕಡೆಯ ಕಾಲೇಜಿನವರಾದರೆ ಈ ಕಾರಣಕ್ಕಾದರೂ ಬನ್ನಿ.

ಸಮಯ ಉಳಿದರೆ ಗೊರಾಯಿಯ ವಿಪಶ್ಯನಾ ಪಗೋಡ, 325 ಅಡಿ ಎತ್ತರ, ಒಳಗೆ ಒಂದೂ ಕಂಬವಿಲ್ಲದೆ 8 ಸಾವಿರ ಜನ ಕೂರುವ ಗುಮ್ಮಟ. 2009ರಲ್ಲಿ ಉದ್ಘಾಟನೆಯಾದದ್ದು. ಕಟ್ಟಡವಾಗಿ ದೊಡ್ಡದೇ, ಆದರೆ ಮಕ್ಕಳಿಗೆ ವಾಟರ್ ಪಾರ್ಕ್ ಪಕ್ಕದಲ್ಲೇ ಕಾಣುವುದರಿಂದ ಮನಸ್ಸು ನಿಲ್ಲುವುದಿಲ್ಲ. ನಾನಾದರೆ ಅದರ ಬದಲು ವಾಲ್ಕೇಶ್ವರದ ಬಾಣಗಂಗಾ ಕೆರೆಯ ಮೆಟ್ಟಿಲ ಮೇಲೆ ಒಂದು ಸಂಜೆ ಕಳೆಯುತ್ತೇನೆ.

ತೊಂದರೆಗಳನ್ನೂ ಹೇಳಬೇಕಲ್ಲ. ಮಲಗಲು ಜಾಗ ದುಬಾರಿ. ಭಾನುವಾರ ರೈಲಿಗೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು. ಸೋಮವಾರ ಎಲಿಫೆಂಟಾ, ಕಾನ್ಹೇರಿ ಎರಡೂ ಬಂದ್. ಮೊದಲ ಸಲ 38 ಹುಡುಗರನ್ನು ಸೋಮವಾರ ಬೆಳಿಗ್ಗೆ ಬೋರಿವಲಿ ಗೇಟಿನ ಮುಂದೆ ನಿಲ್ಲಿಸಿದ ಮಹಾನುಭಾವ ನಾನೇ. ಊಟಕ್ಕೆ ಮಾತ್ರ ಚಿಂತೆಯಿಲ್ಲ. ಮಾಟುಂಗಾದ ಉಡುಪಿ ಹೋಟೆಲ್‌ಗಳಲ್ಲಿ ಸಾಲು ನಿಂತರೆ ಊಟ ಸಿಗುತ್ತದೆ, ಬಡಿಸುವವರ ಬಾಯಲ್ಲಿ ಕನ್ನಡವೂ ತುಳುವೂ.

ಗೋವಾ

ಹುಬ್ಬಳ್ಳಿ, ಬೆಳಗಾವಿಯವರಿಗೆ ಗೋವಾ ಹತ್ತಿರ, ಖರ್ಚು ಕಡಿಮೆ, ಹುಡುಗರಿಗೆ ಆಸೆ. ಅದೇ ತೊಂದರೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅರ್ಧ ತಂಡದ ಮನಸ್ಸು ಬೀಚಿನಲ್ಲಿರುತ್ತದೆ.

ಹಿಂದೂ ಪರಂಪರೆಯ ಲೆಕ್ಕದಲ್ಲಿ ಗೋವಾ ಬಡವಲ್ಲ. ಅನ್ಮೋಡ್ ಘಾಟಿ ಇಳಿದು ಮೊಲ್ಲೆಂ ಹತ್ತಿರ ತಿರುಗಿದರೆ ಕಾಡಿನೊಳಗೆ ತಾಂಬಡಿ ಸುರ್ಲಾ. ಕದಂಬರ ಕಾಲದ ಕಪ್ಪು ಕಲ್ಲಿನ ಮಹಾದೇವ, ಗೋವಾದಲ್ಲಿ ಉಳಿದಿರುವ ಅತಿ ಹಳೆಯ ದೇವಸ್ಥಾನಗಳಲ್ಲಿ ಒಂದು. ಹೋಗುವ ದಾರಿಯಲ್ಲೇ ಮುಗಿಸಬಹುದು. ಪೋಂಡಾ ಸುತ್ತಿನ ಮಂಗೇಶಿ, ಶಾಂತಾದುರ್ಗಾ, ಮ್ಹಾಳಸಾ ದೇವಸ್ಥಾನಗಳ ಕಥೆ ಬೇರೆ ತರಹ: 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ಮೂಲ ಊರು ಬಿಟ್ಟು, ಹೊಳೆ ದಾಟಿ ಬಂದ ದೇವರುಗಳು. ದೇವರೂ ವಲಸೆ ಹೋಗುತ್ತಾನೆ ಅನ್ನುವುದು ಕರಾವಳಿಯ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ, ಅವರ ಮನೆಗಳಲ್ಲೂ ಇದೇ ಕಥೆ.

ಬೌದ್ಧ ವಿಷಯದಲ್ಲಿ ಮಾತ್ರ ಕೈ ಖಾಲಿ. ಸಾಂಕಳಿ ಬಳಿಯ ಹರವಳೆ ಗುಹೆಗಳು ಬೌದ್ಧರದೋ ಶೈವರದೋ ಎಂಬ ಚರ್ಚೆ ಇದೆ, ಈಗ ಒಳಗಿರುವುದು ಲಿಂಗಗಳು. ರಿವಣದಲ್ಲಿ ಸಣ್ಣ ಗುಹೆಗಳಿವೆ. ಆದರೆ ಚೈತ್ಯಭೂಮಿಯಂಥ, ದೇಹೂ ರೋಡಿನಂಥ ಜಾಗ ತೋರಿಸಲಾಗದು. ನನ್ನ ಅಳತೆಯಲ್ಲಿ ಗೋವಾ ಇಲ್ಲಿಯೇ ಹಿಂದೆ ಬೀಳುತ್ತದೆ.

ಸೇವೆ: ಇದರಲ್ಲೇ ಮೋಸ ಜಾಸ್ತಿ

ಕೆಲವು ವರ್ಷಗಳ ಹಿಂದೆ ಒಂದು ತಂಡ ಏಜೆನ್ಸಿಯೊಂದರ ಮೂಲಕ ಬಂದಿತ್ತು. ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟು ಒಂದು ಶಾಲೆಯ ಗೋಡೆಗೆ ಬಣ್ಣ ಬಳಿದರು. ಸಂಜೆ ಚಹಾ ಕುಡಿಯುವಾಗ ಅಲ್ಲಿಯ ಜವಾನ ಮೆಲ್ಲಗೆ ಹೇಳಿದ, ಹೋದ ತಿಂಗಳೂ ಯಾರೋ ಬಂದು ಇದೇ ಗೋಡೆ ಬಳಿದಿದ್ದರಂತೆ. ಮುಂದಿನ ತಿಂಗಳು ಇನ್ಯಾರೋ. ಆ ಗೋಡೆಗೆ ಎಷ್ಟು ಪದರ ಬಣ್ಣ ಇದೆಯೋ ಶಿವನೇ ಬಲ್ಲ. ಅಲ್ಲಿಂದ ನಾನು ಕೇಳುವ ಪ್ರಶ್ನೆ ಒಂದೇ: ಈ ಕೆಲಸವನ್ನು ಕೇಳಿದವರು ಯಾರು?

ಗುಹೆ ತೊಳೆಯುವ ಯೋಚನೆ ಬಿಟ್ಟುಬಿಡಿ. ಇವು ಪುರಾತತ್ವ ಇಲಾಖೆಯ ಕೈಯಲ್ಲಿರುವ ಸ್ಮಾರಕಗಳು. ಗೋಡೆಯ ಮೇಲೆ ಯಾರೋ ಕೆತ್ತಿದ ಹೆಸರು ಅಳಿಸಲು ಬ್ರಶ್ ಹಿಡಿದು ಹೋದರೆ ಕಲ್ಲಿಗೆ ಇನ್ನೂ ಹಾನಿ, ಕಾನೂನಿನ ತೊಂದರೆಯೂ ಹೌದು. ಮೆಟ್ಟಿಲ ದಾರಿಯ ಪ್ಲಾಸ್ಟಿಕ್ ಹೆಕ್ಕುವುದಾದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳಿ ಮಾಡಿ. ಕಾರ್ಲೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಪುಣೆಯಲ್ಲಿ ಸೇವೆಗೆ ಕಾಲ ಮುಖ್ಯ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ದೇಹೂ, ಆಳಂದಿಯ ಪಾಲಖಿಗಳು (ಸಂತರ ಪಾದುಕೆಯ ಪಲ್ಲಕ್ಕಿಗಳು) ಪುಣೆಯಲ್ಲಿ ತಂಗುವಾಗ ನೀರು ಕೊಡುವುದು, ಕಸ ಎತ್ತುವುದು, ನಡೆದು ಸೋತವರ ಕಾಲು ಒತ್ತುವುದು ಎಲ್ಲಕ್ಕೂ ಕೈ ಬೇಕು. ಕಾಲೇಜು ಹುಡುಗರು ತಂಡ ತಂಡವಾಗಿ ಬರುತ್ತಾರೆ. ಆದರೆ ಆಗ ಮಳೆ, ಭಾಜೆಯ ದಾರಿ ಜಾರುತ್ತದೆ, ಲೋಣಾವಳಾ ತುಂಬಿ ತುಳುಕುತ್ತದೆ. ಗಣಪತಿ ವಿಸರ್ಜನೆಯ ದಿನಗಳಲ್ಲಿ ಘಾಟ್‌ಗಳಲ್ಲಿ ನಿರ್ಮಾಲ್ಯ ಸಂಗ್ರಹಿಸುವ ಕೆಲಸವೂ ನಿಜವಾದದ್ದು. ಚಳಿಗಾಲದಲ್ಲಿ ಬಂದರೆ ಇಂದ್ರಾಯಣಿಯ ದಂಡೆ. ಆಳಂದಿಯಲ್ಲಿ ನೀರಿನ ಮೇಲೆ ನೊರೆ ತೇಲುವುದನ್ನು ಒಮ್ಮೆ ನೋಡಿದರೆ ಹುಡುಗರಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಮುಂಬಯಿಯಲ್ಲಿ ಡಿಸೆಂಬರ್ 6. ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನಕ್ಕೆ ದಾದರಿಗೆ ಲಕ್ಷಾಂತರ ಜನ. ಶಿವಾಜಿ ಪಾರ್ಕಿನಲ್ಲಿ ಪುಸ್ತಕದ ಸ್ಟಾಲ್‌ಗಳು, ಊಟದ ಸಾಲು, ನೀರಿನ ಸಾಲು. ಮೊದಲೇ ಯಾವುದಾದರೂ ಸ್ಥಳೀಯ ಕಾಲೇಜಿನ ಎನ್ಎಸ್ಎಸ್ ಘಟಕದ ಜೊತೆ ಸೇರಿಕೊಳ್ಳಿ, ಒಂಟಿಯಾಗಿ ಹೋಗಿ ದಾರಿ ತಪ್ಪಬೇಡಿ. ಆ ಜನಸಂದಣಿಯಲ್ಲಿ ಗುಹೆ ತೋರಿಸುವ ಪ್ಲಾನ್ ಇಡಬೇಡಿ. ಆ ದಿನ ಅದೊಂದೇ ಸಾಕು.

ಇನ್ನೊಂದು ಕೆಲಸ ಇದೆ, ಅದನ್ನು ಮರಾಠಿ ಹುಡುಗರು ಮಾಡಲಾರರು, ನೀವು ಮಾಡಬಹುದು. ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಊರು ಮುಂಬಯಿ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಈಗಲೂ ಮಕ್ಕಳಿದ್ದಾರೆ. ಅವರಿಗೆ ಕನ್ನಡದಲ್ಲಿ ಕಥೆ ಓದಿ ಹೇಳಲು, ಗಣಿತ ಹೇಳಿಕೊಡಲು ಊರಿನ ಅಕ್ಕ, ಅಣ್ಣ ಬಂದರೆ ಎಷ್ಟು ಖುಷಿ ಗೊತ್ತಾ? ಮುಖ್ಯೋಪಾಧ್ಯಾಯರಿಗೆ ಒಂದು ತಿಂಗಳ ಮೊದಲೇ ಪತ್ರ ಬರೆಯಿರಿ. ಹಿಂದಿರುಗಿದ ಮೇಲೆ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಮುಂದುವರಿಸುವ ಇಬ್ಬರು ಹುಡುಗರಾದರೂ ಸಿಗುತ್ತಾರಾ ನೋಡಿ. ಸಿಗದಿದ್ದರೆ ಮಕ್ಕಳಿಗೆ ಆಸೆ ತೋರಿಸಬೇಡಿ.

ಈ ಒಂದು ವಿಷಯದಲ್ಲಿ ಗೋವಾ ಎದ್ದು ನಿಲ್ಲುತ್ತದೆ. ವಾಸ್ಕೋ, ಜುವಾರಿನಗರದ ಕಡೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ಬಹಳ. ವಿಜಯಪುರ, ಬಾಗಲಕೋಟೆ, ಗದಗದ ಹುಡುಗರಿಗೆ ಅಲ್ಲಿ ಮಾತು ಒಂದೇ ನಿಮಿಷದಲ್ಲಿ ಕೂಡುತ್ತದೆ. ನಿಮ್ಮ ಮುಖ್ಯ ಉದ್ದೇಶ ಸೇವೆಯೇ ಆಗಿದ್ದರೆ, ಬೌದ್ಧ ಪರಂಪರೆಯನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಂಡು ಗೋವಾಕ್ಕೇ ಹೋಗಿ. ನಾನು ಆಕ್ಷೇಪ ಎತ್ತುವುದಿಲ್ಲ.

ಹೊರಡುವ ಮುಂಚೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಕಾರ್ಲೆಗೆ ಶನಿವಾರ, ಭಾನುವಾರ, ನವರಾತ್ರಿ ಬೇಡ. ಏಕವೀರಾ ದರ್ಶನದ ಜನರಲ್ಲಿ ಚೈತ್ಯ ಕಾಣುವುದೇ ಇಲ್ಲ. ಪುಣೆ–ಲೋಣಾವಳಾ ಲೋಕಲ್ ಮಧ್ಯಾಹ್ನ ಕಡಿಮೆ, ಟೈಮ್ ನೋಡಿಕೊಂಡು ಊಟ ಇಟ್ಟುಕೊಳ್ಳಿ. ಮುಂಬಯಿಯಲ್ಲಿ ಬೆಳಿಗ್ಗೆ ಬೋರಿವಲಿ ಕಡೆಗೆ ಹೋಗುವ ಗಾಡಿಯಲ್ಲಿ ಜಾಗ ಇರುತ್ತದೆ, ಆ ಹೊತ್ತಿಗೆ ಚರ್ಚ್‌ಗೇಟ್ ಕಡೆಗೆ ಹತ್ತುವ ಸಾಹಸ ಮಾತ್ರ ಬೇಡ. ಕಾಲೇಜಿನ ಗುರುತಿನ ಚೀಟಿ ಎಲ್ಲರ ಹತ್ತಿರ ಇರಲಿ. ಮಂಡಿ ನೋವಿನ ಮೇಷ್ಟ್ರಿದ್ದರೆ ಭಾಜೆ ಒಂದನ್ನೇ ಹತ್ತಿಸಿ, ಕಾರ್ಲೆಯ ಮೆಟ್ಟಿಲ ಬುಡದಲ್ಲಿ ಚಹಾ ಅಂಗಡಿಗಳಿವೆ, ಅಲ್ಲಿ ಕೂರಿಸಿ. ಮತ್ತೆ ನಾಲ್ಕೈದು ಒಳ್ಳೆಯ ಟಾರ್ಚ್ ತನ್ನಿ. ಮೊಬೈಲಿನ ಬೆಳಕು ಅಕ್ಷರದ ಮೇಲೆ ನೇರ ಬಿದ್ದು ಎಲ್ಲ ಚಪ್ಪಟೆ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಒರಗಿದಂತೆ ಪಕ್ಕದಿಂದ ಹಿಡಿಯಿರಿ, ಭೂತಪಾಲನ ಸಾಲು ತಾನಾಗಿ ಎದ್ದು ಬರುತ್ತದೆ.